ಗಾಜು ಬೆಳ್ಳಗಾದ ಮಧ್ಯಾಹ್ನ

ನಮ್ಮ ಊರಿನಲ್ಲಿ ನೆಂಟರು ಎಂದರೆ ಬೆಂಕಿ. ಮನುಷ್ಯರು ಬಂದರೆ ‘ಪರವೂರಿನವರು ಬಂದಿದ್ದಾರೆ’ ಎನ್ನುತ್ತೇವೆ. ‘ನೆಂಟರು ಬಂದಿದ್ದಾರೆ’ ಎಂದು ಯಾರಾದರೂ ಬೀದಿಯಲ್ಲಿ ನಿಂತು ಹೇಳಿದರೆ ಓಣಿಯ ಜನರೆಲ್ಲ ತಮ್ಮ ತಮ್ಮ ಮಣೆ, ಕುರ್ಚಿಗಳನ್ನು ಎತ್ತಿಕೊಂಡು ಆ ಮನೆಯ ಪಡಸಾಲೆಗೆ ಬಂದು ಕೂರುತ್ತಾರೆ. ನೆಂಟರು ಒಂದು ಮನೆಗೆ ತಲೆಮಾರಿಗೊಮ್ಮೆ ಬರುತ್ತಾರೆ. ತಮಗೆಂದು ಬಿಟ್ಟ ಕೋಣೆಯಲ್ಲಿ ಸರಿಯಾಗಿ ಒಂದು ಗಂಟೆ ಇದ್ದು, ಹೊಗೆಯನ್ನಾಗಲಿ ಮಸಿಯನ್ನಾಗಲಿ ಉಳಿಸದೆ ಹೊರಟುಹೋಗುತ್ತಾರೆ. ಯಾವ ವರ್ಷ, ಯಾವ ದಿನ ಎಂದು ತಿಳಿಸಿ ಬರುವ ಪದ್ಧತಿ ಅವರದಲ್ಲ. ಬರುವ ಮುನ್ನ ಕೋಣೆಯ ನೆಲ ತುಸು ಬೆಚ್ಚಗಾಗುತ್ತದೆ, ಅಷ್ಟೆ. ಒಳಗಿದ್ದವರು ಎದ್ದು ಬಂದು ಬಾಗಿಲು ಹಾಕಿಕೊಳ್ಳುವುದಕ್ಕೆ ಅಷ್ಟು ಹೊತ್ತು ಸಾಕು. ಆ ಕೋಣೆಯನ್ನು ಬರಿದಾಗಿ ಬಿಡಬಾರದು ಎಂಬುದು ಹಿರಿಯರಿಂದ ಬಂದ ನಿಯಮ. ಹಾಗಾಗಿ ಕೆಲವರು ಅಲ್ಲಿ ಈರುಳ್ಳಿ ಹರಡುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ. ನನ್ನ ಹೆಂಡತಿ ವನಜಾಕ್ಷಿ ಊಟವಾದ ಮೇಲೆ ಅಲ್ಲಿ ಮಲಗುತ್ತಿದ್ದಳು. ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ, ಕಿಟಕಿಯಿಲ್ಲ; ಬೆಳಕೆಲ್ಲ ಪಡಸಾಲೆಯಿಂದ, ಬಾಗಿಲ ಪಕ್ಕದಲ್ಲಿ ಹೊಸಿಲಿನ ಮಟ್ಟದಿಂದ ಮೇಲಕ್ಕೆ ನಿಂತ ಅಗಲವಾದ ಗಾಜಿನ ಮೂಲಕ ಹೋಗಬೇಕು. ಮನೆಯಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ.

ಆ ಗಾಜನ್ನು ಮಾಡಿದವನು ನಾನು. ನಮ್ಮ ಮನೆಯದನ್ನು ಮಾತ್ರವಲ್ಲ, ಈ ಊರಿನ ನಲವತ್ತಮೂರು ಮನೆಗಳದನ್ನೂ. ಅದಕ್ಕಿಂತ ಮೊದಲು ಇದ್ದದ್ದು ಒಳಗೆ ತಂತಿಯ ಜಾಲರಿ ಇಟ್ಟು ಎರಕ ಹೊಯ್ದ ಗಾಜು. ಅದು ಬಿರಿದರೂ ಉದುರುತ್ತಿರಲಿಲ್ಲ, ನಿಜ. ಆದರೆ ಉರಿ ಕಣ್ಣಿಗೆ ಕಂಡಷ್ಟೇ ಸಲೀಸಾಗಿ ಕಾವು ಕೂಡ ಅದನ್ನು ದಾಟಿ ಬರುತ್ತಿತ್ತು. ಗಾಜಿನ ಈಚೆ ಇದ್ದ ಪರದೆ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ನಾನು ಐದು ಹಾಳೆ ಗಾಜನ್ನು ಒಂದರ ಹಿಂದೊಂದು ನಿಲ್ಲಿಸಿ, ನಡುವಿನ ನಾಲ್ಕು ಸಂದುಗಳಲ್ಲಿ ಲೋಳೆ ತುಂಬಿದೆ. ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಅಲುಗದೆ ನಿಲ್ಲುವ, ಬೆಳಗಿನ ಗಾಳಿಯಷ್ಟು ತಿಳಿಯಾದ ಲೋಳೆ. ನೆಂಟರು ಬಂದಾಗ ಆಚೆಯ ಮೊದಲ ಹಾಳೆ ಬಿರಿಯುತ್ತದೆ. ಅದರ ಹಿಂದಿನ ಲೋಳೆ ಕಾವನ್ನು ಕುಡಿದು, ಉಕ್ಕಿ, ನೊರೆಯಾಗಿ, ಸುಣ್ಣದ ಗಾರೆಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ತನ್ನಲ್ಲಿರುವ ನೀರೆಲ್ಲ ಆರುವ ತನಕ ಅದು ಬೆಂಕಿಯನ್ನು ಮುಂದಕ್ಕೆ ಬಿಡುವುದಿಲ್ಲ. ಆಮೇಲೆ ಎರಡನೆಯ ಹಾಳೆ, ಎರಡನೆಯ ಲೋಳೆ. ಒಂದೊಂದಕ್ಕೆ ಕಾಲು ಗಂಟೆ. ನಾಲ್ಕು ಮುಗಿಯುವ ಹೊತ್ತಿಗೆ ನೆಂಟರು ಹೊರಡುವ ಹೊತ್ತಾಗಿರುತ್ತದೆ. ಆ ಒಂದು ಗಂಟೆಯೂ ಗಾಜಿನ ಈಚೆಯ ಮೈ ತಣ್ಣಗೆ ಇರುತ್ತದೆ. ಕೊನೆಯಲ್ಲಿ ಮಾತ್ರ, ಸಣ್ಣ ಜ್ವರ ಬಂದವರ ಹಣೆಯಷ್ಟು ಬಿಸಿ.

ಹೊಸ ಕವಿತೆಗಳನ್ನು ಓದಿಕೊಂಡು ಬೆಳೆದವನು ನಾನು. ಅಲ್ಲಿ ಗಾಜು ಎಂದರೆ ಎಂದೂ ಗಾಜಲ್ಲ. ಅದು ಮನಸ್ಸೋ ಮರಣವೋ ಮತ್ತೊಂದೋ ಆಗಿರುತ್ತದೆ. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಗಾಜು ಬರೀ ಗಾಜಾಗಿರುವುದನ್ನು ಕಂಡಾಗ ನನಗೊಂದು ನೆಮ್ಮದಿಯಿತ್ತು. ಅದನ್ನು ಅಳೆಯಬಹುದು, ಒರೆಸಬಹುದು, ಅಂಚು ಕಟ್ಟಬಹುದು.

ಊರಿನವರು ಮೊದಮೊದಲು ನಕ್ಕಿದ್ದರು. ಎದುರು ಮನೆಯ ಹೊಂಬಯ್ಯನಂತೂ ಈಗಲೂ ನಗುತ್ತಾನೆ. ಅವನ ಮನೆಯದು ಹಳೆಯ ಜಾಲರಿ ಗಾಜು. ಅವನಲ್ಲಿಗೆ ನೆಂಟರು ಬಂದಾಗ ಒಂದು ಗಂಟೆಯೂ ಕಣ್ಣು ಮಿಟುಕಿಸದೆ ನೋಡಿದವನು ಅವನು. ಪರದೆ ಹೋಯಿತು, ಹೆಗಲ ಮೇಲಿನ ಪಂಚೆ ಹೋಯಿತು, ಎಡಗಡೆಯ ಮೀಸೆಯೂ ಹೋಯಿತು. “ಹೋದ್ರೆ ಹೋಗ್ಲಿ ಮೇಷ್ಟ್ರೇ, ನೋಡಿದ್ನಲ್ಲ!” ಎನ್ನುತ್ತಾನೆ. “ನವಿಲು ಕುಣಿದಂಗೆ ಕುಣೀತಿತ್ತು. ನಿಮ್ಮ ಲೋಳೆ ಗಾಜು ನೋಡೋ ಹೊತ್ತಿಗೇ ಕಣ್ಣು ಮುಚ್ಕೊಳ್ಳತ್ತೆ. ಮದುವೆ ಮನೇಲಿ ಧಾರೆ ಹೊತ್ತಿಗೆ ಸರಿಯಾಗಿ ಮುಂದೆ ಬಂದು ನಿಲ್ಲೋ ದಪ್ಪ ಮನುಷ್ಯನ ಹಾಗೆ.” ನಾನು ಊರಿಗೆ ಗಾಜಿನ ಮೇಷ್ಟ್ರು. ಮೇಷ್ಟ್ರೆಂದು ಕರೆಸಿಕೊಂಡದ್ದಕ್ಕೆ ಪಾಠ ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಮನೆಮನೆಗೆ ಹೋಗಿ ಹೇಳಿದ್ದೆ: ಗಾಜು ಬೆಳ್ಳಗಾಯಿತೆಂದರೆ ನೆಂಟರು ಬಂದಿದ್ದಾರೆ ಎಂದು ಅರ್ಥ. ಒಂದು ಗಂಟೆ ಮುಗಿಯುವ ತನಕ ಯಾರೂ, ಏನೇ ಆದರೂ, ಬಾಗಿಲು ತೆಗೆಯಬಾರದು. ಲೋಳೆ ಗಾಜು ಬರುವುದಕ್ಕೆ ಮುಂಚೆ ಒಬ್ಬಾಕೆ ಒಳಗೆ ಬಿಟ್ಟ ತಾಳಿಯ ನೆನಪಾಗಿ ಅರ್ಧ ಗಂಟೆಗೇ ಬಾಗಿಲು ತೆಗೆದಿದ್ದಳು; ಕಂಚುಗಾರರ ಓಣಿ ಪೂರ್ತಿ ಹೋಗಿತ್ತು. ಆ ಓಣಿಯ ಜಾಗದಲ್ಲಿ ಇವತ್ತಿಗೂ ಯಾರೂ ಮನೆ ಕಟ್ಟಿಲ್ಲ. ನನ್ನ ಪಾಠವನ್ನು ಕಾಯುವುದಕ್ಕೆಂದು ಊರಿನವರು ಪುಟ್ಟತಾಯಮ್ಮನನ್ನು ನೇಮಿಸಿದ್ದರು. ಗಾಜು ಬೆಳ್ಳಗಾದ ಮನೆಗೆ ತನ್ನ ಅಲಾರಂ ಗಡಿಯಾರ ಹಿಡಿದು ಬಂದು, ಅಗುಳಿಗೆ ಬೆನ್ನು ಕೊಟ್ಟು ಕೂರುವುದು ಆಕೆಯ ಕೆಲಸ.

ಆ ದಿನ ಮಧ್ಯಾಹ್ನ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಎಳೆಯ ವಯಸ್ಸಿನಲ್ಲಿ ಬಾಯಿಪಾಠವಾಗಿದ್ದ ಒಂದು ಕವಿತೆಯನ್ನು ಹೇಳಿಕೊಳ್ಳಲು ಹೋಗಿ, ಮೊದಲ ಸಾಲಾದ ಮೇಲೆ ಎರಡನೆಯದು ಬಾರದೆ, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದೆ. ಒಮ್ಮೆ ಎಲ್ಲೋ ‘ಟಪ್’ ಎಂದಂತಾಯಿತು. ತೆಂಗಿನ ಗರಿ ಬಿದ್ದಿರಬೇಕು ಎಂದುಕೊಂಡೆ. ಈಗ ಯೋಚಿಸಿದರೆ ಆ ಸದ್ದು ಕೇಳಿಸಿತ್ತೋ, ಅಥವಾ ಕೇಳಿಸಿತ್ತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ ಹೇಳಲಾರೆ. ನೀರು ಕುಡಿಯಲು ಒಳಗೆ ಬಂದಾಗ ಪಡಸಾಲೆ ಎಂದಿಗಿಂತ ಬೆಳಕಾಗಿತ್ತು. ಯಾರೋ ಗೋಡೆಗೆ ಸುಣ್ಣ ಬಳಿದು ಹೋದ ಹಾಗೆ. ಗಾಜು ಮೇಲಿನಿಂದ ಕೆಳಗಿನ ತನಕ ಬೆಳ್ಳಗಿತ್ತು.

ವನಜಾಕ್ಷಿ ಒಳಗಿದ್ದಳು.

ಹೆಸರು ಹಿಡಿದು ಕೂಗಿದೆ. ಕೂಗುತ್ತಿರುವಾಗಲೇ, ಐದು ಹಾಳೆ ಗಾಜು ನಾಲ್ಕು ಪದರ ಲೋಳೆ ಸದ್ದನ್ನೂ ದಾಟಗೊಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದವನು ನಾನೇ ಎಂಬುದು ನೆನಪಾಯಿತು. ನೆಲ ಬೆಚ್ಚಗಾದರೆ ಅವಳು ಏಳುತ್ತಿದ್ದಳು. ಮೂವತ್ತು ವರ್ಷಗಳಿಂದ ಬರೀ ಚಾಪೆಯ ಮೇಲೆ, ಕೆನ್ನೆಯನ್ನು ನೆಲಕ್ಕೆ ತಾಗಿಸಿಯೇ ಮಲಗಿದವಳು. “ನೆಲ ಹೇಳತ್ತೆ ಬಿಡ್ರೀ” ಎನ್ನುತ್ತಿದ್ದಳು. ಆದರೆ ಹಿಂದಿನ ವಾರ, ಅವಳ ಸೊಂಟನೋವು ನೋಡಲಾರದೆ, ನಾನು ಬೂರುಗದ ಹತ್ತಿ ತುಂಬಿಸಿದ ಹೊಸ ಹಾಸಿಗೆಯೊಂದನ್ನು ತಂದು ಹಾಸಿಕೊಟ್ಟಿದ್ದೆ. ಒಂದು ಗೇಣು ದಪ್ಪದ ಹಾಸಿಗೆ. ಕಾವು ಅದನ್ನು ದಾಟಿ ಬರುವಷ್ಟರಲ್ಲಿ...

ನನ್ನ ಕೈ ಅಗುಳಿಯ ಮೇಲಿತ್ತು. “ಮೇಷ್ಟ್ರೇ, ಕೈ ತೆಗೀರಿ” ಎಂಬ ಮಾತು ಹಿಂದಿನಿಂದ ಬಂತು. ನನ್ನ ಕೂಗು ಬೀದಿಗೆ ಕೇಳಿಸಿತ್ತು. ಪುಟ್ಟತಾಯಮ್ಮ ಗಡಿಯಾರವನ್ನು ಎದೆಗವಚಿಕೊಂಡು ಬಂದಿದ್ದಳು, ಅವಳ ಹಿಂದೆ ಮಣೆ ಹಿಡಿದ ಹೊಂಬಯ್ಯ, ಅವನ ಹಿಂದೆ ಓಣಿಯ ಏಳೆಂಟು ಜನ. ಪುಟ್ಟತಾಯಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಅಗುಳಿಯಿಂದ ಬಿಡಿಸಿದಳು. ಒರಟಾಗಿ ಅಲ್ಲ, ಮಗುವಿನ ಮುಷ್ಟಿಯಿಂದ ಕಲ್ಲುಸಕ್ಕರೆ ಬಿಡಿಸಿಕೊಳ್ಳುವ ಹಾಗೆ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

“ವನಜಕ್ಕ ಎಲ್ಲಿ?” ಎಂದು ಹೊಂಬಯ್ಯ ಕೇಳಿದ. ನಾನು ಗಾಜಿನ ಕಡೆ ನೋಡಿದೆ. ಅವನು ತನ್ನ ಮಣೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಕೂರಲಿಲ್ಲ.

“ಎಷ್ಟೊತ್ತಿಗೆ ಬೆಳ್ಳಗಾಯ್ತು?” ಪುಟ್ಟತಾಯಮ್ಮ ಕೇಳಿದಳು.

“ಗೊತ್ತಿಲ್ಲ ತಾಯಿ. ನಾನು ಹಿತ್ತಲಲ್ಲಿದ್ದೆ.”

“ಹಂಗಾದ್ರೆ ನಾವು ಕಂಡಾಗಿನಿಂದ್ಲೇ ಗಂಟೆ. ಈಗ ಎರಡೂ ನಲವತ್ತು.” ಅವಳು ಗಡಿಯಾರದ ಕಿವಿ ತಿರುಗಿಸಿದಳು. “ನಂಗೇನೂ ಸಂತೋಷ ಇಲ್ಲ ಮೇಷ್ಟ್ರೇ ಇಲ್ಲಿ ಕೂರಕ್ಕೆ. ವನಜಕ್ಕ ನನ್ನ ಬಾಣಂತನ ಮಾಡಿದೋರು.”

ನಾನು ಅಂಗೈಯನ್ನು ಗಾಜಿಗೆ ಒತ್ತಿದೆ. ಅದು ತಣ್ಣಗಿತ್ತು. ಬಾವಿಯಿಂದ ಆಗಷ್ಟೇ ಸೇದಿದ ಕೊಡದ ಹಾಗೆ. “ತಣ್ಣಗಿದೆ” ಎಂದೆ. ನನ್ನ ದನಿಯಲ್ಲಿ ಎಷ್ಟು ಆಸೆಯಿತ್ತೋ, ಎಲ್ಲರೂ ಮುಂದೆ ಬಂದು ಒಬ್ಬೊಬ್ಬರಾಗಿ ಅಂಗೈ ಇಟ್ಟು ನೋಡಿದರು.

“ಹೌದು, ತಣ್ಣಗಿದೆ. ಹಂಗಾದ್ರೆ ಬಂದಿಲ್ಲ!” ಎಂದ ಹೊಂಬಯ್ಯ. ಮರುಗಳಿಗೆಯೇ ಅವನ ಮುಖ ಇಳಿಯಿತು. “ಅಲ್ಲ ಮೇಷ್ಟ್ರೇ... ನೀವೇ ಹೇಳಿದ್ರಲ್ಲ, ಬಂದ್ರೂ ಈ ಕಡೆ ತಣ್ಣಗೇ ಇರತ್ತೆ ಅಂತ.”

ಹೌದು, ನಾನೇ ಹೇಳಿದ್ದೆ. ಅಂದಿನ ತನಕ ನನಗೆ ಹೊಳೆದಿರಲಿಲ್ಲ: ನನ್ನ ಕೆಲಸ ಎಷ್ಟು ಚೆನ್ನಾಗಿದೆಯೋ ಅಷ್ಟರ ಮಟ್ಟಿಗೆ ನಾನು ಏನನ್ನೂ ತಿಳಿಯಲಾರೆ. ಕೆಟ್ಟ ಗಾಜಾಗಿದ್ದರೆ ಅದು ಸುಡುವ ಮೂಲಕವಾದರೂ ಸುದ್ದಿ ಹೇಳುತ್ತಿತ್ತು. ಒಳ್ಳೆಯ ಗಾಜು ಸುಮ್ಮನಿತ್ತು.

ಇನ್ನೊಂದು ಸಾಧ್ಯತೆಯಿತ್ತು; ಅದು ಗಾಜು ಮಾಡಿದವನಿಗೆ ಮಾತ್ರ ಗೊತ್ತಿರುವಂಥದು. ಅಂಚು ಸರಿಯಾಗಿ ಮುಚ್ಚದೆ ಹೋಗಿ ಹೊರಗಿನ ತೇವ ಒಳಗೆ ಸೇರಿದರೆ ಲೋಳೆ ಬೆಂಕಿಯಿಲ್ಲದೆಯೂ ಕೆಡುತ್ತದೆ. ತಿಂಗಳುಗಟ್ಟಲೆ ಒಂದು ಮೂಲೆಯಲ್ಲಿ ತುಸು ಮಬ್ಬು ಇರುತ್ತದೆ, ಅಷ್ಟೆ. ಆಮೇಲೆ ಒಂದು ದಿನ, ಒಲೆಯ ಮೇಲಿನ ಹಾಲು ಒಡೆಯುವಂತೆ, ನೋಡನೋಡುತ್ತಲೇ ಇಡೀ ಗಾಜು ಬೆಳ್ಳಗಾಗುತ್ತದೆ. ನನ್ನ ಜೀವಮಾನದಲ್ಲಿ ಹಾಗಾದದ್ದನ್ನು ಒಂದೇ ಸಲ ಕಂಡಿದ್ದೆ, ಕಲಿಯುವ ಕಾಲದಲ್ಲಿ, ನನ್ನ ಗುರುಗಳ ಕಾರ್ಖಾನೆಯಲ್ಲಿ. ನಮ್ಮ ಗಾಜಿನ ಕೆಳಮೂಲೆಯಲ್ಲಿ ಮಬ್ಬು ಇತ್ತೇ? ಮಳೆಗಾಲದಿಂದೀಚೆಗೆ ಆ ಕಡೆ ಏನೋ ಮಸುಕು ಕಂಡ ಹಾಗಿತ್ತು. ಆದರೆ ಮಳೆಗಾಲದಿಂದೀಚೆಗೆ ನನ್ನ ಕಣ್ಣಿಗೆ ಪುಸ್ತಕದ ಅಕ್ಷರಗಳೂ ಮಸುಕಾಗಿಯೇ ಕಾಣುತ್ತಿದ್ದವು. ನಾನು ಕನ್ನಡಕ ಒರೆಸಿಕೊಂಡಿದ್ದೆನೇ ಹೊರತು ಗಾಜನ್ನಲ್ಲ.

ಹೀಗಾಗಿ, ನಲವತ್ತಮೂರು ಮನೆಗಳಿಗೆ ಭರವಸೆ ಕೊಟ್ಟು ಬಂದ ನಾನು, ನನ್ನದೇ ಗಾಜಿನ ಮುಂದೆ ನಿಂತು, ನನ್ನ ಕೆಲಸ ಕೆಟ್ಟಿರಲಿ, ನನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಳ್ಳತೊಡಗಿದೆ. ಯಾರನ್ನು ಬೇಡಿದೆನೋ ತಿಳಿಯದು. ದೇವರನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು.

ಹೊಂಬಯ್ಯ ಹೊರಗೆ ಹೋಗಿ ಕೋಣೆಯ ಹಿಂಬದಿಯ ಕಲ್ಲುಗೋಡೆಯನ್ನು ಮುಟ್ಟಿ ನೋಡಿ ಬಂದ. “ಬಿಸಿ ಇದೆ” ಎಂದ, ತಪ್ಪು ಮಾಡಿದವನಂತೆ. ಯಾರೋ ಕುರ್ಚಿ ಕೊಟ್ಟರು; ನಾನು ಗಾಜಿನಿಂದ ಕೈ ತೆಗೆಯಲಿಲ್ಲ. “ಪಡುವಣ ಗೋಡೆ ಕಣಯ್ಯಾ ಅದು!” ಎಂದಳು ಪುಟ್ಟತಾಯಮ್ಮ. “ಈ ಹೊತ್ನಲ್ಲಿ ನಿನ್ನ ಮನೆ ಗೋಡೆ ಮುಟ್ಟಿ ನೋಡು, ಅದೂ ಬಿಸಿನೇ.” ಹೊಂಬಯ್ಯ ನಿಜವಾಗಿಯೂ ಹೋಗಿ ಮುಟ್ಟಿ ಬಂದ. “ಅದೂ ಬಿಸಿ. ಆದ್ರೆ ಇದು ಒಂಚೂರು ಜಾಸ್ತಿ ಅನ್ಸತ್ತೆ. ಇಲ್ಲ... ಅದೇ ಜಾಸ್ತಿ ಏನೋ.” ಮತ್ತೆ ಹೊರಟವನನ್ನು ಯಾರೋ ಹಿಡಿದು ಕೂರಿಸಿದರು.

ವನಜಾಕ್ಷಿ ಮೂರು ಗಂಟೆಗೆ ಸರಿಯಾಗಿ ಏಳುವವಳು. ಎದ್ದವಳೇ ಹೊರಗೆ ಬಂದು, ಕುಡಿಯಲು ಕಾಫಿ ಇದೆಯೇ ಎಂದು ನನ್ನನ್ನು ಕೇಳುತ್ತಾಳೆ. ಮಾಡುವವಳು ತಾನೇ ಆದರೂ ಕೇಳುತ್ತಾಳೆ. ನೆಂಟರು ಬಂದಿಲ್ಲವಾದರೆ ಮೂರಕ್ಕೆ, ಎರಡೂ ಕಡೆಯಿಂದ ಎತ್ತಬಹುದಾದ ಈ ಅಗುಳಿ ಒಳಗಿನಿಂದ ಎದ್ದೇ ಏಳಬೇಕು. ಅದೊಂದು ಲೆಕ್ಕ ನನಗೆ ದಕ್ಕಿತ್ತು, ಮಬ್ಬಿನಲ್ಲಿ ಸಿಕ್ಕಿದ ಒಂದೇ ಒಂದು ಗಟ್ಟಿ ವಸ್ತು. ನಾನು ಗಾಜಿನ ಮೇಲೆ ಕೈಯಿಟ್ಟುಕೊಂಡೇ ಪುಟ್ಟತಾಯಮ್ಮನ ಗಡಿಯಾರವನ್ನು ನೋಡುತ್ತ ನಿಂತೆ. ಮೂರಾಯಿತು. ಮೂರೂ ಐದಾಯಿತು. ಹೊಸ ಹಾಸಿಗೆ, ಹೆಚ್ಚು ನಿದ್ದೆ ಬಂದಿರಬಹುದು ಎಂದುಕೊಂಡೆ. ಮೂರೂ ಹತ್ತಕ್ಕೆ ಹಾಗೆ ಅಂದುಕೊಳ್ಳುವುದೂ ಕಷ್ಟವಾಯಿತು.

“ಅಕ್ಕೋರಿಗೆ ನಿದ್ದೆ ಗಟ್ಟಿ” ಎಂದ ಹೊಂಬಯ್ಯ, ಯಾರೂ ಕೇಳದಿದ್ದರೂ. “ಮೊನ್ನೆ ನಮ್ಮನೇಲಿ ಹರಿಕಥೆ ನಡೀತಾ ಇದ್ದಾಗ ಮೃದಂಗದ ಪಕ್ಕದಲ್ಲೇ ನಿದ್ದೆ ಮಾಡಿದ್ರು.” ಒಂದಿಬ್ಬರು ನಗಲು ನೋಡಿದರು. ಅವನು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. “ಮೇಷ್ಟ್ರೇ, ನಾನು ತಮಾಷೆಗೆ ಅಂತಿದ್ದೆ, ನಿಮ್ಮ ಗಾಜು ಕಣ್ಣು ಮುಚ್ಕೊಳ್ಳತ್ತೆ ಅಂತ. ಇವತ್ತು ಅದು ಕಣ್ಣು ಮುಚ್ಕೊಂಡಿರೋದೇ ಒಳ್ಳೇದು ಕಣ್ರೀ. ನಮ್ಮ ಜಾಲರಿ ಗಾಜಾಗಿದ್ರೆ...” ಮಾತನ್ನು ಅಲ್ಲಿಗೇ ನಿಲ್ಲಿಸಿದ. ಅವನು ಹೇಳದೆ ಬಿಟ್ಟದ್ದನ್ನು ನಾನು ಪೂರ್ತಿಯಾಗಿ ಕಂಡೆ.

ಮೂರೂ ಇಪ್ಪತ್ತರ ಹೊತ್ತಿಗೆ ಗಾಜು ಬೆಚ್ಚಗಾಯಿತು.

ಕೂಗಿಕೊಂಡೆನೆಂದು ಕಾಣುತ್ತದೆ. ಪುಟ್ಟತಾಯಮ್ಮ ಕುಳಿತಲ್ಲಿಂದಲೇ ಕೈ ಚಾಚಿ ಮುಟ್ಟಿದಳು. “ಎಲ್ಲಿ? ತಣ್ಣಗಿದೆಯಲ್ಲ.” “ಇಲ್ಲಿ, ಇಲ್ಲಿ” ಎಂದೆ. ನಾನು ತೋರಿಸಿದ ಜಾಗವನ್ನು ಅವಳು ಮುಟ್ಟಿ ನೋಡಿದಳು. “ಮೇಷ್ಟ್ರೇ, ನಲವತ್ತು ನಿಮಿಷದಿಂದ ನಿಮ್ಮ ಕೈ ಅಲ್ಲೇ ಇದೆ. ಬಿಸಿ ಆಗದೆ ಏನಾಗತ್ತೆ?”

ಆ ಬಿಸಿ ನನ್ನದೇ ಇರಬಹುದು. ಇಲ್ಲದಿರಲೂಬಹುದು. ಕೈಯನ್ನು ತೆಗೆದು ಬೇರೆ ಕಡೆ ಇಟ್ಟೆ, ಅಲ್ಲಿ ತಣ್ಣಗಿತ್ತು, ಹತ್ತು ಎಣಿಸುವಷ್ಟರಲ್ಲಿ ಅಲ್ಲಿಯೂ ಬೆಚ್ಚಗಾದಂತೆನಿಸಿ ಮತ್ತೆ ತೆಗೆದೆ. ಹೀಗೆ ಆ ಬಿಳಿಯ ಮೇಲೆ ಕೈಯಿಟ್ಟು ಕೈಯಿಟ್ಟು ತೆಗೆಯುತ್ತ, ಒಂದು ಪುಟದ ಮೇಲೆ ಬರೆದು ಬರೆದು ಅಳಿಸುವವನಂತಾದೆ. ಮರೆತಿದ್ದ ಆ ಎರಡನೆಯ ಸಾಲು ಅಷ್ಟು ಹೊತ್ತಿಗೆ ತಾನಾಗಿಯೇ ನೆನಪಿಗೆ ಬಂತು. ಅದು ನನಗೆ ಬೇಕಿರಲಿಲ್ಲ. ಇನ್ನೊಮ್ಮೆ ಅಗುಳಿಗೆ ಕೈ ಹಾಕಿದೆ. ಪುಟ್ಟತಾಯಮ್ಮ ತಡೆಯಲಿಲ್ಲ; ಈ ಸಲ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು, “ತೆಗೀರಿ” ಎಂದಳು. “ಆದ್ರೆ ತೆಗಿಯೋ ಮುಂಚೆ ಹಿಂದಕ್ಕೆ ತಿರುಗಿ ಒಂದ್ಸಲ ನೋಡಿ.” ತಿರುಗಿದೆ. ಓಣಿಯವರು, ಒಬ್ಬಳ ಸೊಂಟದಲ್ಲಿ ಕೂಸು, ಅರ್ಧ ಮೀಸೆಯ ಹೊಂಬಯ್ಯ. ಯಾರೂ ಎದ್ದು ಓಡಿರಲಿಲ್ಲ. ನಾನು ಅಗುಳಿ ಬಿಟ್ಟೆ.

ಅಲಾರಂ ಹೊಡೆದಾಗ ನಾನು ಬೆಚ್ಚಿಬಿದ್ದೆ. ಪುಟ್ಟತಾಯಮ್ಮ ಎದ್ದು ಪಕ್ಕಕ್ಕೆ ಸರಿದಳು. ನಾನು ಅಗುಳಿಯನ್ನು ಎತ್ತಲು ಹೋದರೆ ಅದು ನನಗಿಂತ ಮೊದಲೇ ಎದ್ದಿತು. ಬಾಗಿಲು ತೆರೆಯಿತು. ವನಜಾಕ್ಷಿ ನಿಂತಿದ್ದಳು. ಕೆದರಿದ ಕೂದಲು, ಅತ್ತು ಅತ್ತು ಊದಿದ ಕಣ್ಣು. ಅವಳ ಹಿಂದೆ ಕೋಣೆ ತನ್ನ ಪಾಡಿಗೆ ತಾನು ತಂಪಾಗಿತ್ತು, ಹಾಸಿಗೆ, ದಿಂಬು, ನೀರಿನ ಚೊಂಬು ಎಲ್ಲ ಇದ್ದ ಹಾಗೆಯೇ.

“ಇದ್ದೀರಾ?” ಎಂದಳು. ನನ್ನ ಎರಡೂ ಭುಜಗಳನ್ನು ಮುಟ್ಟಿ ನೋಡಿ ಮತ್ತೆ ಕೇಳಿದಳು. “ನೀವು ಇದ್ದೀರಾ?”

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಹೇಳಬೇಕಾಯಿತು. ಎಂದಿಗಿಂತ ಬೇಗ ಎಚ್ಚರವಾದಾಗ ಕೋಣೆ ಕತ್ತಲಾಗಿತ್ತಂತೆ, ಗಾಜು ಬೆಳ್ಳಗಿತ್ತಂತೆ. ನೆಲ ಮುಟ್ಟಿದರೆ ತಣ್ಣಗೆ. ತನ್ನ ಕಡೆ ಬೆಂಕಿಯಿಲ್ಲ. ಗಾಜು ಮಾತ್ರ ಬೆಳ್ಳಗಾಗಿದೆ. ಹಾಗಾದರೆ ನೆಂಟರು ಕೋಣೆ ತಪ್ಪಿ ಪಡಸಾಲೆಗೆ ಬಂದಿದ್ದಾರೆ, ನಾನು ಇರುವ ಕಡೆಗೆ, ಎಂದುಕೊಂಡಿದ್ದಳು. ಬಾಗಿಲು ತೆಗೆಯಬಾರದು ಎಂದು ಮನೆಮನೆಗೆ ಹೇಳಿದವನ ಹೆಂಡತಿ ಅವಳು. ಒಂದು ಗಂಟೆಯನ್ನು ಎಣಿಸಲು ಅವಳ ಬಳಿ ಗಡಿಯಾರವೂ ಇರಲಿಲ್ಲ. ಅರವತ್ತರ ತನಕ ಅರವತ್ತು ಸಲ ಎಣಿಸಿದ್ದಳು, ನಡುವೆ ಎರಡು ಸಲ ತಪ್ಪಿ ಮತ್ತೆ ಮೊದಲಿನಿಂದ.

“ಅಂದ್ರೆ ಈ ಕಡೆ ನಾವೆಲ್ಲ ನಿಮಗೋಸ್ಕರ ಅಳ್ತಾ ಕೂತಿದ್ರೆ, ಆ ಕಡೆ ನೀವು ನಮಗೋಸ್ಕರ ಅಳ್ತಿದ್ರಾ?” ಎಂದ ಹೊಂಬಯ್ಯ.

“ನಿಮಗೋಸ್ಕರ ಯಾರು ಅತ್ತಿದ್ದು ಹೊಂಬಯ್ಯ? ನಾನು ಇವರಿಗೋಸ್ಕರ ಅತ್ತಿದ್ದು” ಎಂದಳು ವನಜಾಕ್ಷಿ. ಆಗ ಪಡಸಾಲೆಯೆಲ್ಲ ನಕ್ಕಿತು. ನಾನು ಮಾತ್ರ ನಗಲಾರದೆ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಬೇಡಿಕೊಂಡಂತೆಯೇ ಆಗಿತ್ತು, ನನ್ನ ಕೆಲಸ ಕೆಟ್ಟಿತ್ತು.

ನಗು ನಿಂತ ಮೇಲೆ ಪುಟ್ಟತಾಯಮ್ಮ ಕೇಳಲೇಬೇಕಾದದ್ದನ್ನು ಕೇಳಿದಳು. “ಹಂಗಾದ್ರೆ ಮೇಷ್ಟ್ರೇ, ಬೆಂಕಿ ಇಲ್ಲದೇನೂ ಬೆಳ್ಳಗಾಗತ್ತೆ ನಿಮ್ಮ ಗಾಜು. ಉಳಿದವರ ಮನೇದು?” ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಗ್ಗಿ ಗಾಜಿನ ಕೆಳಗಿನ ಎಡಮೂಲೆಯನ್ನು ನೋಡಿದೆ. ಬಿಳಿ ಅಲ್ಲಿ ಎಲ್ಲಕ್ಕಿಂತ ಹಳೆಯದಾಗಿತ್ತು, ಹಳದಿಗೆ ತಿರುಗಿತ್ತು. ಅಂಟುಪಟ್ಟಿಯ ಅಡಿಯಿಂದ ಹೊಸಿಲಿನ ಕಡೆಗೆ ಒಂದು ನೂಲಿನ ತುದಿ ಇಣುಕುತ್ತಿತ್ತು. ನೋಡಿದೊಡನೆ ನನಗೆ ಎಲ್ಲವೂ ತಿಳಿಯಿತು. ಆ ದಿನ ಪೂರ್ತಿ ನನಗೆ ತಿಳಿದದ್ದು ಅದೊಂದೇ.

ಊರಿನಲ್ಲಿ ಗಾಜು ಕೂರಿಸುವ ದಿನ ಮನೆಯ ಹೆಂಗಸರು ಅದರ ಅಂಚಿಗೆ ಅರಿಸಿನದ ದಾರ ಸುತ್ತುವ ವಾಡಿಕೆಯಿತ್ತು, ಜಾಲರಿ ಗಾಜಿನ ಕಾಲದಿಂದಲೂ. ಲೋಳೆ ಗಾಜಿಗೆ ಅದು ಕೂಡದು ಎಂದು ನಾನು ಎಲ್ಲರೊಂದಿಗೂ ಜಗಳವಾಡಿದ್ದೆ. ನೂಲು ನೀರನ್ನು ಎಳೆಯುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ. ನಲವತ್ತಮೂರು ಮನೆಗಳಲ್ಲಿಯೂ ದಾರವನ್ನು ನಾನೇ ಕಿತ್ತು ತೆಗೆದಿದ್ದೆ. ನಮ್ಮ ಮನೆಯ ಗಾಜು ಕೂರಿಸಿದ ದಿನ ವನಜಾಕ್ಷಿ ದಾರ ಹಿಡಿದು ನಿಂತಿದ್ದಳು, ಏನೂ ಕೇಳಲಿಲ್ಲ. ಹೊಸ ಸೀರೆ ಉಟ್ಟಿದ್ದಳು. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಅಂಚಿಗೆ ಸುತ್ತಿ, ಮೇಲೆ ಅಂಟುಪಟ್ಟಿ ಹಾಕಿ ಮುಚ್ಚಿದೆ. ಒಂದು ದಾರ ಏನು ಮಾಡೀತು ಎಂದುಕೊಂಡೆ. ಅಂದಿನಿಂದ ಅವಳು ದಿನವೂ ಬೆಳಿಗ್ಗೆ ಆ ಹೊಸಿಲನ್ನು ತೊಳೆದಿದ್ದಳು.

“ಉಳಿದವು ಸರಿಯಾಗಿವೆ” ಎಂದೆ. “ಇದೊಂದರ ಅಂಚನ್ನು ಮಾತ್ರ ನಾನು ನೆಟ್ಟಗೆ ಕಟ್ಟಿರಲಿಲ್ಲ. ತಪ್ಪು ನನ್ನದು. ಬೇಕಿದ್ದರೆ ನಾಳೆಯಿಂದ ಎಲ್ಲರ ಮನೆಗೂ ಬಂದು ಒಂದೊಂದು ಅಂಚನ್ನೂ ಬಿಚ್ಚಿ ತೋರಿಸುತ್ತೇನೆ.”

“ಬಡಗಿ ಮನೆ ಬಾಗಿಲೇ ಮುರುಕು ಅಂತಾರಲ್ಲ, ಹಂಗೆ” ಎಂದು ಯಾರೋ ಗೊಣಗಿದರು. ಪುಟ್ಟತಾಯಮ್ಮ ನನ್ನನ್ನೂ ಮೂಲೆಯನ್ನೂ ಒಂದೊಂದು ಸಲ ನೋಡಿ, ಗಡಿಯಾರ ಎತ್ತಿಕೊಂಡು ಹೋದಳು. ನೂಲು ಅವಳ ಕಣ್ಣಿಗೆ ಬಿದ್ದಿತ್ತೇ? ಬಿದ್ದಿತ್ತೆಂದೇ ನನ್ನ ಗುಮಾನಿ.

ಎಲ್ಲರೂ ಹೋದ ಮೇಲೆ ವನಜಾಕ್ಷಿ ನೆಲದ ಮೇಲೆ ಕುಳಿತು, ನೂಲಿನ ತುದಿಯನ್ನು ಉಗುರಿನಲ್ಲಿ ಹಿಡಿದು ಎಳೆದಳು. ಒಂದು ಗೇಣಿನಷ್ಟು ಒದ್ದೆ ದಾರ ಅವಳ ಬೆರಳಿಗೆ ಬಂತು. ಒಳಗಿದ್ದ ಕಡೆ ಅದರ ಅರಿಸಿನ ಇನ್ನೂ ಉಳಿದಿತ್ತು.

“ನನ್ನ ದಾರ ಅಲ್ವಾ ಇದು?”

“ಅಲ್ಲ.”

“ಸುಳ್ಳು ಯಾಕೆ ಹೇಳ್ತೀರಿ? ಇಷ್ಟು ವರ್ಷ ದಿನಾ ಬೆಳಿಗ್ಗೆ ನಾನೇ ಇದಕ್ಕೆ ನೀರು ಕುಡಿಸಿದೀನಿ.” ಅವಳು ದಾರವನ್ನು ಸೆರಗಿನಿಂದ ಒರೆಸಿದಳು. ತಲೆಯೆತ್ತದೆಯೇ ಹೇಳಿದಳು. “ಒಂದು ಗಂಟೆ ನೀವು ಬಾಗಿಲು ತೆಗೀಲಿಲ್ಲ.”

“ನೀನೂ ತೆಗೆಯಲಿಲ್ಲ.”

“ಮೂರು ಸಲ ಅಗುಳಿ ಮೇಲೆ ಕೈ ಇಟ್ಟೆ. ಗಾಜು ಮುಟ್ಟಿ ನೋಡಿದ್ರೆ ಅಷ್ಟು ತಣ್ಣಗಿತ್ತು. ಇಷ್ಟು ಒಳ್ಳೆ ಗಾಜು ಮಾಡಿದವರು ಅದರ ಆಚೆಗೇ ಇದ್ದಾರಲ್ಲ, ಈಚೆಗಿಲ್ಲವಲ್ಲ ಅಂತ ಅಳು ಬಂತು.”

ಗಾಜನ್ನು ನೀನು ಎಲ್ಲಿ ಮುಟ್ಟಿದ್ದೆ ಎಂದು ಕೇಳಿದೆ. ನನ್ನ ಅಂಗೈ ಇದ್ದ ಜಾಗಕ್ಕೆ ಸರಿಯಾಗಿ ಅವಳ ಅಂಗೈಯೂ ಇದ್ದಿರಬೇಕೆಂದು ನನ್ನೊಳಗಿನ ಕವಿತೆಯ ಓದುಗ ಆಸೆಪಟ್ಟಿದ್ದ. ಅವಳು ತೋರಿಸಿದಳು. ಹಾಸಿಗೆಯ ಮೇಲೆ ಕುಳಿತೇ ಇದ್ದವಳು, ಬಹಳ ಕೆಳಗೆ, ಬಲಗಡೆಗೆ ಇಟ್ಟಿದ್ದಳು. ನಾನು ನಿಂತಿದ್ದೆ, ಎಡಗಡೆಯಲ್ಲಿ. ಎರಡಕ್ಕೂ ನಡುವೆ ನಾಲ್ಕು ಮೊಳದ ಅಂತರ.

ಹೊಸ ಗಾಜಿನ ಲೋಳೆ ಹೆಪ್ಪುಗಟ್ಟಲು ನಲವತ್ತು ದಿನ ಬೇಕು. ಅಷ್ಟು ದಿನವೂ ಅವಳು ಆ ಕೋಣೆಯಲ್ಲಿ ಮಲಗಲಿಲ್ಲ. ಬರಿದಾಗಿ ಬಿಡಬಾರದೆಂದು ಅಲ್ಲೊಂದು ಬೂದುಕುಂಬಳಕಾಯಿ ಇಟ್ಟೆವು. “ಹೆಂಗಿದ್ದಾರೆ ನಿಮ್ಮ ಬಾಡಿಗೆಯೋರು?” ಎಂದು ಹೊಂಬಯ್ಯ ದಿನವೂ ವಿಚಾರಿಸುತ್ತಿದ್ದ. ನಾನು ಮನೆಮನೆಗೆ ಹೋಗಿ ಅಂಚುಗಳನ್ನು ಬಿಚ್ಚಿ ತೋರಿಸಿ ಬಂದೆ; ಎಲ್ಲವೂ ಒಣಗಿದ್ದವು, ಎಲ್ಲವೂ ಗಟ್ಟಿಯಾಗಿದ್ದವು. ಯಾರಿಗೂ ನನ್ನ ಮೇಲೆ ನಂಬಿಕೆ ಕಡಿಮೆಯಾದಂತೆ ಕಾಣಲಿಲ್ಲ. ನನಗೇ ಆಗಿತ್ತು. ಗಾಜಿನ ಮೇಲೆ ಅಲ್ಲ. ಗಾಜು ಹೇಳುವುದನ್ನು ನಾನು 'ತಿಳಿದೆ' ಎಂದುಕೊಳ್ಳುತ್ತಿದ್ದೆನಲ್ಲ, ಅದರ ಮೇಲೆ. ನಲವತ್ತೊಂದನೆಯ ದಿನ ಹೊಸ ಗಾಜನ್ನು ಕೂರಿಸಿದೆವು. ವನಜಾಕ್ಷಿ ಆ ಹಳೆಯ ದಾರವನ್ನೇ ತೊಳೆದು, ಮತ್ತೆ ಅರಿಸಿನ ಹಚ್ಚಿ ಇಟ್ಟುಕೊಂಡಿದ್ದಳು. ನಾನು ಅಂಚು ಕಟ್ಟಿ ಮುಗಿಸುವ ತನಕ ದೂರವೇ ನಿಂತಿದ್ದು, ಆಮೇಲೆ ಬಂದು ಅದನ್ನು ಅಗುಳಿಗೆ ಕಟ್ಟಿದಳು.

ಈಗ ಮಧ್ಯಾಹ್ನ ನಾವಿಬ್ಬರೂ ಕೋಣೆಯೊಳಗೇ ಇರುತ್ತೇವೆ. ಬೂರುಗದ ಹಾಸಿಗೆ ಅಟ್ಟ ಸೇರಿದೆ. ಅವಳು ಚಾಪೆಯ ಮೇಲೆ, ನಾನು ಪಕ್ಕದಲ್ಲಿ ಬರಿಗಾಲನ್ನು ನೆಲಕ್ಕೆ ಊರಿ, ಕನ್ನಡಕ ತೆಗೆದು ಕೂರುತ್ತೇನೆ. ನಿನ್ನೆ ಅಂಗಾಲಿಗೆ ನೆಲ ತುಸು ಬೆಚ್ಚಗಾದಂತೆನಿಸಿತು. ಅದು ನೆಲದ ಬಿಸಿಯೋ, ನನ್ನ ಕಾಲಿನದೋ, ಪಡುವಣ ಬಿಸಿಲಿನದೋ ತಿಳಿಯಲಿಲ್ಲ. ಅವಳನ್ನು ಎಬ್ಬಿಸಿದೆ.

“ನೆಂಟರಾ?” ಎಂದಳು, ಕಣ್ಣು ಬಿಡದೆಯೇ.

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಏಳೋಣ.”

ಎದ್ದು ಹೊರಗೆ ಬಂದು ಬಾಗಿಲು ಹಾಕಿ, ಪಡಸಾಲೆಯಲ್ಲಿ ಗಾಜಿನ ಮುಂದೆ ಪಕ್ಕಪಕ್ಕದಲ್ಲಿ ಕುಳಿತೆವು. ಈ ತಿಂಗಳಲ್ಲಿ ಇದು ಐದನೆಯ ಸಲ. ಎದುರು ಜಗುಲಿಯಿಂದ ಹೊಂಬಯ್ಯ, “ಏನು ಮೇಷ್ಟ್ರೇ, ಮಣೆ ತರಲಾ ಬೇಡ್ವಾ?” ಎಂದು ಕೂಗಿದ. ವನಜಾಕ್ಷಿ ಕೈ ಬೀಸಿ ಬೇಡವೆಂದಳು. ಗಾಜು ಬೆಳ್ಳಗಾಗಲಿಲ್ಲ, ತಿಳಿಯಾಗಿಯೇ ಇತ್ತು. ಒಳಗೆ ಅವಳ ಚಾಪೆ, ನನ್ನ ಕನ್ನಡಕ, ನೀರಿನ ಚೊಂಬು. ಅವುಗಳ ನಡುವೆ, ಗಾಜಿನಲ್ಲಿ ಮೂಡಿದ ನೆರಳಾಗಿ, ಇಬ್ಬರು ಮುದುಕರು ಒಳಗೇ ಕುಳಿತು ನಮ್ಮನ್ನು ನೋಡುತ್ತಿದ್ದರು. ಕನ್ನಡಕವಿಲ್ಲದ ಕಣ್ಣಿಗೆ ಅವರು ನಮಗಿಂತ ಸ್ಪಷ್ಟವಾಗಿಯೇ ಕಂಡರು. ನೋಡುತ್ತ ನೋಡುತ್ತ ನನಗೆ ದಿಕ್ಕು ತಪ್ಪಿತು.

“ವನಜಾ, ನಾವು ಯಾವ ಕಡೆ ಇದ್ದೇವೆ?” ಎಂದು ಕೇಳಿದೆ.

ಅವಳು ನಗಲಿಲ್ಲ. ನನ್ನ ಅಂಗೈಯನ್ನು ಹುಡುಕಿ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು, ಅದು ಬೆಚ್ಚಗಾಗುವ ತನಕ ಕಾದು, ಹೇಳಿದಳು.

“ಈ ಕಡೆ.”